ಅನ್ನವೂ ಸಂಭಾವನೆಯೂ: ಕಾಶಿಯ ವಿದ್ಯಾರ್ಥಿಪೋಷಣೆಯ ಒಂದು ಪರಾಮರ್ಶೆ

ಕಾಶೀಯಾತ್ರೆ ಮಾಡಿದ ಕನ್ನಡಿಗರಿಗೆ ಗೋದೌಲಿಯಾ ಅಪರಿಚಿತವಾದ ಸ್ಥಳವಲ್ಲ. ಹಾದಿಗಳು ಕೂಡುವ ಈ ಚೌಕದಿಂದ ಪೂರ್ವಕ್ಕೆ ನಡೆದರೆ ದಶಾಶ್ವಮೇಧ ಘಟ್ಟ. ಉತ್ತರಕ್ಕೆ ತಿರುಗಿದರೆ ವಿಶ್ವನಾಥನ ಸನ್ನಿಧಿ. ದಕ್ಷಿಣದ ಹಾದಿ ಜಂಗಮವಾಡಿ, ಮದನಪುರ, ಸೋನಾರಪುರಗಳನ್ನು ಹಾದು ಅಸ್ಸಿಯ ಕಡೆಗೂ, ಅಲ್ಲಿಂದ ಮುಂದೆ ಹಿಂದೂ ವಿಶ್ವವಿದ್ಯಾನಿಲಯದ ಮಹಾದ್ವಾರಕ್ಕೂ ಮುಟ್ಟುತ್ತದೆ. ಹಿಂದೆ ಇಲ್ಲಿ ಮಳೆಗಾಲದಲ್ಲಿ ಹರಿಯುತ್ತಿದ್ದ ಗೋದಾವರಿ ಎಂಬ ತೊರೆಯಿಂದ ಈ ಹೆಸರು ಬಂದಿತೆಂದು ಸ್ಥಳೀಯರು ಹೇಳುತ್ತಾರೆ. ತೊರೆ ಮುಚ್ಚಿಹೋಗಿ ಅದರ ಮೇಲೆ ಪೇಟೆ ಬೆಳೆದಿದೆ. ಈ ಪೇಟೆಯ ಸುತ್ತಲೇ ಛತ್ರಗಳು, ಅನ್ನಕ್ಷೇತ್ರಗಳು, ಮಠಗಳು ಶತಮಾನಗಳಿಂದ ನೆಲೆನಿಂತಿವೆ. ತಮಿಳುನಾಡಿನ ನಾಟುಕೋಟ್ಟೈ ನಗರತ್ತಾರರ ಛತ್ರವೂ ಇಲ್ಲಿಯೇ ಇದೆ. ಕನ್ನಡಿಗರಿಗೆ ಹೆಚ್ಚು ಹತ್ತಿರವಾದ ಜಂಗಮವಾಡಿ ಮಠವೂ ಇಲ್ಲಿಂದ ಕೂಗಳತೆಯ ದೂರದಲ್ಲಿದೆ.

ಯಾತ್ರಿಕನ ಕಣ್ಣಿಗೆ ಇವು ಪುಣ್ಯಸ್ಥಾನಗಳು. ಆದರೆ ವಿದ್ಯೆಯ ಇತಿಹಾಸವನ್ನು ಬರೆಯಹೊರಟವನಿಗೆ ಇವು ಬೇರೊಂದು ಪ್ರಶ್ನೆಗೆ ಸಾಕ್ಷಿಯಾಗಿ ನಿಲ್ಲುತ್ತವೆ. ಓದಬಯಸುವ ಹುಡುಗನಿಗೆ ಸಮಾಜವು ಯಾವ ಕಾರಣದಿಂದ ನೆರವಾಗಬೇಕು? ಅವನು ಬಡವನೆಂದೋ, ಬುದ್ಧಿವಂತನೆಂದೋ? ಲಕ್ಷಗಟ್ಟಲೆ ಶುಲ್ಕ ವಿಧಿಸುವ ಇಂದಿನ ಖಾಸಗಿ ವಿಶ್ವವಿದ್ಯಾನಿಲಯಗಳ ವಿವರಣಪತ್ರಿಕೆಗಳಲ್ಲಿ ಪ್ರತಿಭಾ ವಿದ್ಯಾರ್ಥಿವೇತನವೆಂದೂ ಆರ್ಥಿಕ ಅವಶ್ಯಕತೆಯ ಮೇಲಿನ ಸಹಾಯವೆಂದೂ ಎರಡು ಅಂಕಣಗಳನ್ನು ಕಾಣಬಹುದು. ಈ ವಿಭಾಗವು ಹೊಸದೆಂದು ಅನೇಕರ ಭಾವನೆ. ವಸ್ತುತಃ ಇದು ಹಳೆಯದು. ಈ ಎರಡು ಧಾರೆಗಳು ಬೇರೆಬೇರೆಯಾಗಿ ಹರಿದು, ಒಂದು ಕಾಲದಲ್ಲಿ ಬಲವಂತವಾಗಿ ಒಂದಾಗಿ, ಮತ್ತೆ ಕವಲೊಡೆದ ಕಥೆಯನ್ನು ಕಾಶಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ದುರ್ಲಭ.

ಫ್ರೆಂಚ್ ಪ್ರವಾಸಿ ಫ್ರಾನ್ಸ್ವಾ ಬರ್ನಿಯರನು 1667ರಲ್ಲಿ ಷಿರಾಜಿನಿಂದ ಬರೆದ ಪತ್ರವೊಂದರಲ್ಲಿ ತಾನು ಕಂಡ ಕಾಶಿಯ ವಿದ್ಯಾಭ್ಯಾಸಕ್ರಮವನ್ನು ವರ್ಣಿಸಿದ್ದಾನೆ. ಯೂರೋಪಿನಲ್ಲಿರುವಂತೆ ದೊಡ್ಡ ವಿದ್ಯಾಲಯವಾಗಲಿ, ವ್ಯವಸ್ಥಿತವಾದ ತರಗತಿಗಳಾಗಲಿ ಅಲ್ಲಿಲ್ಲ. ಪಂಡಿತರು ತಮ್ಮ ಮನೆಗಳಲ್ಲಿಯೋ, ಧನಿಕ ವರ್ತಕರು ಬಿಟ್ಟುಕೊಟ್ಟ ಹೊರವಲಯದ ತೋಟಗಳಲ್ಲಿಯೋ ಕುಳಿತು ಪಾಠ ಹೇಳುತ್ತಾರೆ. ಒಬ್ಬರ ಬಳಿ ನಾಲ್ಕು, ಇನ್ನೊಬ್ಬರ ಬಳಿ ಆರೇಳು ಮಂದಿ. ಬಹು ಪ್ರಸಿದ್ಧರಾದವರ ಬಳಿ ಹನ್ನೆರಡು ಹದಿನೈದು ಮಂದಿ ಶಿಷ್ಯರು. ಹತ್ತು ಹನ್ನೆರಡು ವರ್ಷ ಗುರುವಿನ ಬಳಿಯಲ್ಲಿದ್ದು ನಿಧಾನವಾಗಿ ಕಲಿಯುವ ಈ ಶಿಷ್ಯರಿಗೆ ಆಹಾರ ಖಿಚಡಿ; ಅದನ್ನು ಒದಗಿಸುವವರು ಊರಿನ ಸಾಹುಕಾರರು. ಬರ್ನಿಯರನ ಮಾತಿನಲ್ಲಿ ಕೊಂಚ ಪರಿಹಾಸವಿದೆ. ಆದರೆ ಆರ್ಥಿಕ ವ್ಯವಸ್ಥೆಯನ್ನು ಅವನು ಸರಿಯಾಗಿಯೇ ಗುರುತಿಸಿದನು. ಗುರುವು ಶುಲ್ಕ ತೆಗೆದುಕೊಳ್ಳುವುದಿಲ್ಲ. ಶಿಷ್ಯನು ಊಟಕ್ಕೆ ಹಣ ತರುವುದಿಲ್ಲ. ಎರಡರ ಭಾರವನ್ನೂ ವಿದ್ಯೆಗೆ ಸಂಬಂಧವಿಲ್ಲದ ವರ್ತಕನು ಹೊರುತ್ತಾನೆ. ಈ ಖಿಚಡಿಗೆ ಪರೀಕ್ಷೆಯಿರಲಿಲ್ಲ. ತರ್ಕದಲ್ಲಿ ಚುರುಕಾದವನಿಗೆ ಎರಡು ಸೌಟು, ಮಂದನಿಗೆ ಒಂದು ಎಂಬ ನಿಯಮವನ್ನು ಯಾವ ಅನ್ನಕ್ಷೇತ್ರವೂ ಮಾಡಿದಂತೆ ಕಾಣುವುದಿಲ್ಲ.

ಹಾಗೆಂದು ಪ್ರತಿಭೆಗೆ ಮನ್ನಣೆಯಿರಲಿಲ್ಲವೆಂದಲ್ಲ. ಅದರ ದಾರಿ ಬೇರೆ. ವಾಕ್ಯಾರ್ಥಸಭೆಯಲ್ಲಿ ಗೆದ್ದವನಿಗೆ ಶಾಲು, ಸಂಭಾವನೆ, ದಕ್ಷಿಣೆಗಳು ಸಲ್ಲುತ್ತಿದ್ದುವು. ಪುಣೆಯಲ್ಲಿ ಪೇಶ್ವೆಯರು ಪ್ರತಿ ಶ್ರಾವಣದಲ್ಲಿ ಕೊಡುತ್ತಿದ್ದ ದಕ್ಷಿಣೆಯು ಇದಕ್ಕೆ ಪ್ರಸಿದ್ಧ ನಿದರ್ಶನ. ದೇಶದ ನಾನಾ ಭಾಗಗಳಿಂದ ಬಂದ ವಿದ್ವಾಂಸರನ್ನು ಶಾಸ್ತ್ರಿಗಳ ಮಂಡಲಿ ಪರೀಕ್ಷಿಸಿ, ಪಾಂಡಿತ್ಯಕ್ಕೆ ತಕ್ಕಂತೆ ಮೊತ್ತವನ್ನು ನಿಗದಿಮಾಡುತ್ತಿತ್ತು. ಸಾಮಾನ್ಯ ಬ್ರಾಹ್ಮಣರಿಗೆ ಕೊಡುವ ದಾನ ಬೇರೆಯಾಗಿಯೇ ನಡೆಯುತ್ತಿತ್ತು. 1818ರಲ್ಲಿ ಪೇಶ್ವೆಯರ ರಾಜ್ಯ ಮುಗಿದ ಬಳಿಕ ಈ ದಕ್ಷಿಣಾನಿಧಿಯ ಒಂದು ಭಾಗದಿಂದಲೇ 1821ರಲ್ಲಿ ಪುಣೆಯ ಸಂಸ್ಕೃತ ಪಾಠಶಾಲೆ ಹುಟ್ಟಿತು. ಹೀಗೆ ಹಳೆಯ ಪದ್ಧತಿಯಲ್ಲಿ ಅನ್ನವು ಕೊರತೆಗೂ ಸಂಭಾವನೆಯು ಯೋಗ್ಯತೆಗೂ ಸಲ್ಲುತ್ತಿದ್ದುವು. ಒಂದು ಕಲಿಯುವಾಗ ದೊರೆಯುವುದು. ಇನ್ನೊಂದು ಕಲಿತಮೇಲೆ ದೊರೆಯುವುದು. ಇವೆರಡನ್ನೂ ಕಲಸುವ ಅವಶ್ಯಕತೆಯೇ ಯಾರಿಗೂ ತೋರಿರಲಿಲ್ಲ.

ಕನ್ನಡನಾಡಿನಲ್ಲಿ ಇದೇ ವ್ಯವಸ್ಥೆಯ ಮನೆವಾರ್ತೆಯ ರೂಪವೆಂದರೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಓದಿದ ಹುಡುಗರಿಂದ ಮೈಸೂರು, ಬೆಂಗಳೂರು, ಧಾರವಾಡಗಳ ಶಾಲೆಗಳು ಬಹುಕಾಲ ತುಂಬಿದ್ದುವು. ಒಂದು ವಾರ ತಪ್ಪಿದರೆ ಆ ದಿನ ಉಪವಾಸ. ವಾರಕ್ಕೆ ಕರೆದ ಗೃಹಿಣಿ ಹುಡುಗನ ಅಂಕಪಟ್ಟಿಯನ್ನು ಕೇಳುತ್ತಿರಲಿಲ್ಲ. ಗೋತ್ರಸೂತ್ರಗಳನ್ನು ಮಾತ್ರ ಕೇಳುತ್ತಿದ್ದಳು. ಈ ಕೊನೆಯ ಮಾತನ್ನು ಮರೆಯತಕ್ಕುದಲ್ಲ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಜಂಗಮವಾಡಿ ಮಠದ ವಿಷಯ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕುದಾಗಿದೆ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶಿಯ ಜ್ಞಾನಪೀಠ ಇದೇ. ಇದರ ಪ್ರಾಚೀನತೆಯ ಬಗ್ಗೆ ಮಠದ ಐತಿಹ್ಯಗಳು ಬಹು ಹಿಂದಕ್ಕೆ ಹೋಗುತ್ತವೆ. ಅವುಗಳನ್ನು ಬದಿಗಿಟ್ಟರೂ, ಅಕ್ಬರನಿಂದ ಔರಂಗಜೇಬನವರೆಗಿನ ಮೊಗಲ ಬಾದಶಹರ ಕಾಲದ ಫರ್ಮಾನುಗಳು, ಸನದುಗಳು ಇಲ್ಲಿ ರಕ್ಷಿತವಾಗಿದ್ದು, ಇತಿಹಾಸಜ್ಞರ ಅಧ್ಯಯನಕ್ಕೆ ವಸ್ತುವಾಗಿವೆ. ಜಂಗಮರ ಜೀವನೋಪಾಯಕ್ಕೆಂದು ಕೊಟ್ಟ ಭೂಮಿಯ ವಿಷಯ ಅವುಗಳಲ್ಲಿ ಬರುತ್ತದೆ. ಔರಂಗಜೇಬನ ಹೆಸರಿನ ಪತ್ರವು ಶೈವಮಠವೊಂದರ ಹಕ್ಕನ್ನು ಕಾಪಾಡುತ್ತಿರುವುದನ್ನು ಕಂಡು ಆಶ್ಚರ್ಯಪಡುವವರುಂಟು. ಆದರೆ ಈ ಲೇಖನದ ದೃಷ್ಟಿಗೆ ಮುಖ್ಯವಾದುದು ಬೇರೆ. ಆಶ್ರಯವನ್ನು ನಡೆಸಬೇಕಾದರೆ ಸಾಹುಕಾರನ ವರ್ಷವರ್ಷದ ಔದಾರ್ಯಕ್ಕಿಂತ ಕರವಿಲ್ಲದ ಭೂಮಿಯ ಆದಾಯ ಹೆಚ್ಚು ಸ್ಥಿರವಾದುದು. ಪಾಶ್ಚಾತ್ಯ ವಿದ್ಯಾಲಯಗಳ ಶಾಶ್ವತನಿಧಿ ಎಂಬ ಕಲ್ಪನೆಗೆ ಇಲ್ಲಿಯ ಹೆಸರು ಇನಾಮು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮಠದ ಆಶ್ರಯದಲ್ಲಿ ವಿಶ್ವಾರಾಧ್ಯ ಗುರುಕುಲ ಏರ್ಪಟ್ಟಿತು. ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಬಂದ ವಿದ್ಯಾರ್ಥಿಗಳು, ಹೆಚ್ಚಾಗಿ ವೀರಶೈವ ಸಮಾಜದವರು, ಇಲ್ಲಿ ಊಟವಸತಿಗಳನ್ನು ಪಡೆದು ಸಂಸ್ಕೃತವನ್ನು ಓದಿದರು. ಅವರಲ್ಲಿ ಅನೇಕರು ಸ್ವದೇಶಕ್ಕೆ ಮರಳಿ ಮಠಾಧಿಪತಿಗಳಾದರು. ಕಾಶಿಯಲ್ಲಿ ಓದಿ ಬಂದವರೆಂಬ ಮಾತಿಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿದ್ದ ಗೌರವದ ಹಿಂದೆ ಈ ಮಠದ ಪಂಕ್ತಿಯ ಊಟವೂ ಇದೆ.

ಇನ್ನು ಸರಕಾರದ ವಿದ್ಯಾಲಯಕ್ಕೆ ಬರಬಹುದು. ಕಾಶಿಯ ರೆಸಿಡೆಂಟನಾಗಿದ್ದ ಜೊನಾಥನ್ ಡಂಕನ್ನನು 1791ರಲ್ಲಿ ಸಂಸ್ಕೃತ ಕಾಲೇಜನ್ನು ಸ್ಥಾಪಿಸಿದನು. ಕಂಪನಿ ಸರಕಾರವು ಮೊದಲು ವರ್ಷಕ್ಕೆ 14,000 ರೂಪಾಯಿಗಳನ್ನೂ ಮರುವರ್ಷದಿಂದ 20,000 ರೂಪಾಯಿಗಳನ್ನೂ ಇದಕ್ಕೆ ಮಂಜೂರು ಮಾಡಿತು. ಅಧ್ಯಾಪಕರಿಗೆ ಸಂಬಳ, ವಿದ್ಯಾರ್ಥಿಗಳಿಗೆ ವೇತನ. ವೈದ್ಯಶಾಸ್ತ್ರದ ಅಧ್ಯಾಪಕನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಬ್ರಾಹ್ಮಣರಾಗಿರಬೇಕೆಂದು ನಿಯಮವಾಯಿತು. ಡಂಕನ್ನನು ಹೊಸದೇನನ್ನೂ ಕಲ್ಪಿಸಲಿಲ್ಲ. ಕಾಶಿಯ ಸಾಹುಕಾರನು ನಿಂತಿದ್ದ ಜಾಗದಲ್ಲಿ ಕಂಪನಿಯನ್ನು ನಿಲ್ಲಿಸಿದನು, ಅಷ್ಟೆ. ಖಿಚಡಿಯ ಬದಲು ತಿಂಗಳ ರೊಕ್ಕ. ಆದರೆ ಸಾಹುಕಾರನು ಪುಣ್ಯವನ್ನು ಅಪೇಕ್ಷಿಸಿದ್ದನು. ಕಂಪನಿಯು ಲೆಕ್ಕವನ್ನು ಅಪೇಕ್ಷಿಸಿತು. ಮೊದಲ ಮುಖ್ಯಾಧ್ಯಾಪಕ ಕಾಶೀನಾಥನೇ ಹಣದ ಅವ್ಯವಹಾರದ ಆರೋಪಕ್ಕೆ ಗುರಿಯಾಗಿ 1801ರಲ್ಲಿ ಪದಚ್ಯುತನಾದನು.

ನಿಜವಾದ ಆಘಾತ ಬಂದುದು 1835ರಲ್ಲಿ. ಮೆಕಾಲೆಯ ಟಿಪ್ಪಣಿಯನ್ನು ಬಲ್ಲವರೆಲ್ಲರೂ ಅದನ್ನು ಭಾಷೆಯ ವಾದವೆಂದೇ ಓದುತ್ತಾರೆ. ಅದರಲ್ಲಿ ಹಣದ ವಾದವೊಂದು ಅಡಗಿದೆ. ಸಂಸ್ಕೃತ ಅರಬ್ಬೀ ಓದುವವರಿಗೆ ಸರಕಾರವೇ ಹಣ ಕೊಡಬೇಕಾಗಿದೆ. ಇಂಗ್ಲಿಷ್ ಓದುವವರಾದರೋ ತಾವೇ ಹಣ ತೆರಲು ಸಿದ್ಧರಾಗಿದ್ದಾರೆ. ಆದುದರಿಂದ ಯಾವ ವಿದ್ಯೆಗೆ ಬೆಲೆಯಿದೆಯೆಂಬುದು ತಾನಾಗಿ ಸಿದ್ಧವಾಯಿತು ಎಂಬುದು ಅವನ ತರ್ಕದ ತಿರುಳು. ಸಂತೆಯಲ್ಲಿ ಮಾರಾಟವಾಗದ ಸರಕಿಗೆ ಬೆಲೆಯಿಲ್ಲವೆಂದಂತೆ! ಕಲಕತ್ತೆಯಲ್ಲಿ ಇಂಗ್ಲಿಷಿಗೆ ಶುಲ್ಕ ಕೊಡುತ್ತಿದ್ದವರು ಉಳ್ಳವರ ಮಕ್ಕಳೆಂಬುದನ್ನೂ, ಆ ವಿದ್ಯೆಯ ತುದಿಯಲ್ಲಿ ಉದ್ಯೋಗದ ಆಸೆಯಿತ್ತೆಂಬುದನ್ನೂ, ಸಂಸ್ಕೃತದ ಶಿಷ್ಯನು ಶುಲ್ಕವಿಲ್ಲದ ಪರಂಪರೆಯೊಂದರಿಂದ ಬಂದವನೆಂಬುದನ್ನೂ ಅವನು ಗಣನೆಗೆ ತರಲಿಲ್ಲ. ಅದೇ ವರ್ಷದ ಮಾರ್ಚ್ 7ರಂದು ಬೆಂಟಿಂಕನ ಸರಕಾರ ನಿರ್ಣಯವನ್ನು ಹೊರಡಿಸಿತು. ಈಗಾಗಲೇ ವೇತನ ಪಡೆಯುತ್ತಿದ್ದವರಿಗೆ ಅದು ಮುಂದುವರಿಯಬಹುದು; ಇನ್ನು ಮುಂದೆ ಇಂಥ ವಿದ್ಯಾಲಯಗಳಿಗೆ ಸೇರುವ ಯಾವ ವಿದ್ಯಾರ್ಥಿಗೂ ವೇತನವಿಲ್ಲ.

ನಾಲ್ಕು ವರ್ಷಗಳ ಬಳಿಕ, 1839ರ ನವೆಂಬರಿನಲ್ಲಿ, ಗವರ್ನರ್ ಜನರಲ್ ಆಕ್ಲೆಂಡನು ಈ ನಿರ್ಣಯವನ್ನು ತಿದ್ದಿದನು. ಆ ತಿದ್ದುಪಡಿ ಹೇಗಿತ್ತೆಂಬುದು ಸೂಕ್ಷ್ಮವಾದ ವಿಚಾರ. ಹಳೆಯ ವೇತನ ಎಲ್ಲರಿಗೂ ಮರಳಿ ಬರಲಿಲ್ಲ. ಸುಮಾರು ನಾಲ್ವರಲ್ಲಿ ಒಬ್ಬ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ. ಅದೂ ಪ್ರಾವೀಣ್ಯಕ್ಕೆ ಬಹುಮಾನವಾಗಿ. ಆಗಾಗ ಪರೀಕ್ಷೆಯಲ್ಲಿ ತನ್ನ ಯೋಗ್ಯತೆಯನ್ನು ತೋರಿಸಿದರೆ ಮಾತ್ರ ಅದು ಮುಂದುವರಿಯುವುದು. ಇಲ್ಲಿ ಅನ್ನ ಮತ್ತು ಸಂಭಾವನೆಗಳು ಒಂದಾದುವು. ಕಲಿಯುವಾಗಲೇ ದೊರೆಯಬೇಕಾಗಿದ್ದ ಅನ್ನವು ಕಲಿತುದಕ್ಕೆ ದೊರೆಯುವ ಸಂಭಾವನೆಯ ವೇಷವನ್ನು ತೊಟ್ಟಿತು. ನಾಲ್ಕನೆಯವನಿಗೆ ಮನ್ನಣೆ ಬಂದಿತು, ನಿಜ. ಉಳಿದ ಮೂವರು ಏನು ಉಣ್ಣಬೇಕೆಂಬುದು ಸರಕಾರದ ಕಡತದಿಂದ ಹೊರಗೆ ಹೋಯಿತು. ಅವರು ಮರಳಿ ಅನ್ನಕ್ಷೇತ್ರಗಳ ಕಡೆಗೇ ನೋಡಬೇಕಾಯಿತು. 1854ರ ವುಡ್ಡನ ವಿದ್ಯಾಪತ್ರವು, ಅನುದಾನ ಪಡೆಯುವ ಶಾಲೆಗಳು ಎಷ್ಟೇ ಅಲ್ಪವಾದರೂ ಶುಲ್ಕವೊಂದನ್ನು ವಿಧಿಸಬೇಕೆಂದೂ, ಕೆಳಗಿನ ಶಾಲೆಯಿಂದ ಮೇಲಿನ ಶಾಲೆಗೆ ಏರುವ ಬುದ್ಧಿವಂತರಿಗೆ ವಿದ್ಯಾರ್ಥಿವೇತನಗಳಿರಬೇಕೆಂದೂ ವಿಧಿಸಿ ಈ ನೀತಿಯನ್ನು ದೇಶಕ್ಕೆಲ್ಲ ಹರಡಿತು. ಎಲ್ಲರಿಗೂ ಶುಲ್ಕ, ಕೆಲವರಿಗೆ ಬಹುಮಾನ ಎಂಬ ಈ ಜೋಡಿಯೇ ಮುಂದಿನ ಒಂದು ಶತಮಾನದ ವಿದ್ಯಾನೀತಿ.

ಆ ನೀತಿಯಿಂದ ಲಾಭವಾಗಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ ಮಕ್ಕಳಿಗೆ ಮನೆಪಾಠ ಹೇಳಿ ದಿನ ಕಳೆಯುತ್ತಿದ್ದ ತರುಣ ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಪದವಿ ಪಡೆದ ಬಳಿಕ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದುದು ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ. ಅವರಲ್ಲಿ ಬಡತನವೂ ಇತ್ತು, ಪ್ರತಿಭೆಯೂ ಇತ್ತು; ಆದುದರಿಂದ ಯಾವುದಕ್ಕಾಗಿ ವೇತನ ದೊರೆಯಿತೆಂಬ ಪ್ರಶ್ನೆಯೇ ಏಳಲಿಲ್ಲ. ಬಡೋದೆಯ ಮಹಾರಾಜರ ವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಅಂಬೇಡ್ಕರರ ವಿಷಯವೂ ಹಾಗೆಯೇ. ಪ್ರಶ್ನೆ ಏಳುವುದು ಸಾಧಾರಣ ಬುದ್ಧಿಯ ಬಡ ಹುಡುಗನ ವಿಷಯದಲ್ಲಿ. ಚರಿತ್ರೆಯು ಅವನ ಹೆಸರನ್ನು ಬರೆದಿಡುವುದಿಲ್ಲ.

ಕಾಶಿಯಲ್ಲಿ ಖಾಸಗಿ ದಾನದಿಂದ ಮೇಲೆದ್ದ ದೊಡ್ಡ ವಿದ್ಯಾಸಂಸ್ಥೆಯೆಂದರೆ ಹಿಂದೂ ವಿಶ್ವವಿದ್ಯಾನಿಲಯ. ಆನಿಬೆಸೆಂಟರು 1898ರಲ್ಲಿ ಸ್ಥಾಪಿಸಿದ್ದ ಸೆಂಟ್ರಲ್ ಹಿಂದೂ ಕಾಲೇಜು ಅದರ ಬೀಜ. ಐವತ್ತು ಲಕ್ಷ ರೂಪಾಯಿಗಳ ನಿಧಿ ಕೂಡಬೇಕೆಂದು ಸರಕಾರ ಷರತ್ತು ಹಾಕಲು, ಮದನಮೋಹನ ಮಾಲವೀಯರು ಊರೂರು ತಿರುಗಿ ಅರಸರಿಂದಲೂ ಬಡವರಿಂದಲೂ ಬೇಡಿ ತಂದರು. 1915ರಲ್ಲಿ ಕಾಯಿದೆ, 1916ರ ಫೆಬ್ರವರಿ 4ರಂದು ಅಸ್ತಿಭಾರ. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಇದರ ಮೊದಲ ಕುಲಪತಿಗಳಾದರು. ಅದೇ ವರ್ಷ ತಮ್ಮ ರಾಜಧಾನಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದರು. ಕಾಶಿಯ ಸಂಸ್ಥೆಯು ಎಲ್ಲ ವರ್ಗ, ಜಾತಿ, ಮತಗಳವರಿಗೂ ತೆರೆದಿರುವುದೆಂದು ಕಾಯಿದೆಯಲ್ಲಿಯೇ ಬರೆಯಲಾಯಿತು. ಅದರ ಮಹಾಸಭೆಯಲ್ಲಿ ಮಾತ್ರ ಹಿಂದೂಗಳಲ್ಲದವರಿಗೆ 1951ರ ತಿದ್ದುಪಡಿಯವರೆಗೆ ಸ್ಥಾನವಿರಲಿಲ್ಲ.

ಬಾಗಿಲು ತೆರೆದಿರುವುದು ಬೇರೆ, ಪಂಕ್ತಿಯಲ್ಲಿ ಎಲೆ ಹಾಕುವುದು ಬೇರೆ ಎಂಬುದಕ್ಕೆ ಜಗಜೀವನರಾಮರ ಅನುಭವ ಸಾಕ್ಷಿ. ಬಿಹಾರದ ಚಮ್ಮಾರ ಕುಲದಲ್ಲಿ ಹುಟ್ಟಿ, ಆರಾ ಪಟ್ಟಣದ ಶಾಲೆಯಲ್ಲಿ ಓದಿದ ಈ ಹುಡುಗನನ್ನು ಮಾಲವೀಯರೇ ಕಾಶಿಗೆ ಬರಹೇಳಿದರು. ಬಿರ್ಲಾ ವಿದ್ಯಾರ್ಥಿವೇತನವೂ ದೊರೆಯಿತು. ಪ್ರತಿಭೆಗೆ ಮನ್ನಣೆ ಸಂದಿತು, ಬಡತನಕ್ಕೆ ಪರಿಹಾರವೂ ಸಂದಿತು. ಆದರೆ ವಿದ್ಯಾರ್ಥಿನಿಲಯದ ಆಳುಗಳು ಅವರ ತಟ್ಟೆಯನ್ನು ಮುಟ್ಟಲೊಲ್ಲದೆ ಹೋದರು. ಊರಿನ ಕ್ಷೌರಿಕರು ಅವರ ಕೂದಲನ್ನು ಕತ್ತರಿಸಲೊಪ್ಪಲಿಲ್ಲ. ಆಗೊಮ್ಮೆ ಈಗೊಮ್ಮೆ ದಲಿತ ಕ್ಷೌರಿಕನೊಬ್ಬನು ಬಂದು ಆ ಕೆಲಸ ಮಾಡಿಹೋಗುತ್ತಿದ್ದನು. ಇಂಟರ್‌ಮೀಡಿಯೆಟ್ ಮುಗಿಸಿ ಅವರು ಕಲಕತ್ತೆಗೆ ಹೋದರು. ಅರ್ಧ ಶತಮಾನದ ಬಳಿಕ, 1978ರಲ್ಲಿ, ಕೇಂದ್ರದ ರಕ್ಷಣಾಮಂತ್ರಿಗಳಾಗಿ ಅವರು ವಾರಾಣಸಿಗೆ ಬಂದು ಸಂಪೂರ್ಣಾನಂದರ ಪ್ರತಿಮೆಯನ್ನು ಅನಾವರಣ ಮಾಡಿದಾಗ, ಕೆಲವರು ಆ ಪ್ರತಿಮೆಯನ್ನು ಗಂಗಾಜಲದಿಂದ ತೊಳೆದರು.

ವಾರಾನ್ನದ ಗೃಹಿಣಿ ಕೇಳುತ್ತಿದ್ದ ಗೋತ್ರಸೂತ್ರಗಳ ಪ್ರಶ್ನೆ ಇಲ್ಲಿ ಮರಳಿ ಬರುತ್ತದೆ. ಅನ್ನಕ್ಷೇತ್ರವು ಬಡತನವನ್ನು ನೋಡಿ ಬಡಿಸುತ್ತಿತ್ತೆಂಬುದು ಸತ್ಯ. ಆದರೆ ಯಾರ ಬಡತನವನ್ನು ನೋಡುತ್ತಿತ್ತು? ಬಾಗಿಲ ಒಳಗೆ ಬಂದವರ ಬಡತನವನ್ನು. ಗುರುವು ಶಿಷ್ಯನೆಂದು ಸ್ವೀಕರಿಸಿದವನಿಗೆ, ಅಧಿಕಾರವುಂಟೆಂದು ಶಾಸ್ತ್ರ ಒಪ್ಪಿದವನಿಗೆ ಮಾತ್ರ ಆ ಅನ್ನ. ಹಳೆಯ ಪದ್ಧತಿಯನ್ನು ಹೊಗಳುವವರು ಈ ಬಾಗಿಲನ್ನು ಮರೆಯುತ್ತಾರೆ. ತೆಗಳುವವರು ಒಳಗಿನ ಪಂಕ್ತಿಯ ಸಮಾನತೆಯನ್ನು ಮರೆಯುತ್ತಾರೆ.

ಅಮೆರಿಕದ ಪ್ರತಿಷ್ಠಿತ ಖಾಸಗಿ ವಿಶ್ವವಿದ್ಯಾನಿಲಯಗಳ ಇತಿಹಾಸದಲ್ಲಿಯೂ ಇದೇ ಬಾಗಿಲು ಬೇರೊಂದು ರೂಪದಲ್ಲಿ ಕಾಣುತ್ತದೆ. ಹಾರ್ವರ್ಡ್ ಕಾಲೇಜಿಗೆ ಮೊದಲ ವಿದ್ಯಾರ್ಥಿವೇತನನಿಧಿ ಬಂದುದು 1643ರಲ್ಲಿ. ಲಂಡನ್ನಿನ ಆನ್ ರಾಡ್‌ಕ್ಲಿಫ್ ಎಂಬ ವಿಧವೆ ಬಡ ವಿದ್ಯಾರ್ಥಿಯ ಪೋಷಣೆಗೆಂದು ಕೊಟ್ಟ ನೂರು ಪೌಂಡುಗಳು ಅವು. ಅಲ್ಲಿಯೂ ಮೊದಲು ಬಂದುದು ಅನ್ನವೇ. ಕಾಲಕ್ರಮದಲ್ಲಿ ಉತ್ತಮ ವಿದ್ಯಾರ್ಥಿಗಳನ್ನು ಹಣದ ಆಸೆ ತೋರಿಸಿ ಸೆಳೆದುಕೊಳ್ಳುವ ಸ್ಪರ್ಧೆ ಕಾಲೇಜುಗಳ ನಡುವೆ ಬೆಳೆಯಿತು. ಇದಕ್ಕೆ ತಡೆಹಾಕಲು 1954ರಲ್ಲಿ ಕಾಲೇಜುಗಳ ಮಂಡಲಿಯೊಂದು ಏರ್ಪಟ್ಟು, ಕುಟುಂಬದ ವರಮಾನ, ಆಸ್ತಿ, ಮಕ್ಕಳ ಸಂಖ್ಯೆಗಳನ್ನು ಲೆಕ್ಕಹಾಕಿ ತಂದೆತಾಯಿಗಳು ಎಷ್ಟು ಕೊಡಬಲ್ಲರೆಂದು ಒಂದೇ ಸೂತ್ರದಿಂದ ನಿರ್ಣಯಿಸತೊಡಗಿತು. ಶುಲ್ಕಕ್ಕೂ ಆ ಮೊತ್ತಕ್ಕೂ ಇರುವ ಅಂತರವೇ ಅವಶ್ಯಕತೆ. ಹಾರ್ವರ್ಡ್, ಯೇಲ್ ಮೊದಲಾದ ಎಂಟು ವಿಶ್ವವಿದ್ಯಾನಿಲಯಗಳು ಪ್ರತಿಭೆಗೆಂದು ಪ್ರತ್ಯೇಕ ವೇತನವನ್ನೇ ಕೊಡದಿರಲು ನಿಶ್ಚಯಿಸಿದುವು. ಅವುಗಳ ಸಮಾಧಾನ ಇಷ್ಟೆ: ಪ್ರವೇಶ ಪಡೆದವರೆಲ್ಲರೂ ಪ್ರತಿಭಾವಂತರೇ, ಪ್ರವೇಶವೇ ಪ್ರತಿಭೆಯ ಪರೀಕ್ಷೆ. ಕಾಶಿಯ ಪಂಡಿತನು ಶಿಷ್ಯನನ್ನು ಆರಿಸಿಕೊಂಡು, ಆರಿಸಿದ ಬಳಿಕ ಎಲ್ಲರಿಗೂ ಒಂದೇ ಖಿಚಡಿ ಹಾಕಿಸಿದಂತೆಯೇ ಇದು.

ಈ ಒಪ್ಪಂದಕ್ಕೆ ಬಂದ ಗತಿ ವಿಚಿತ್ರವಾದುದು. ಶ್ರೀಮಂತ ಸಂಸ್ಥೆಗಳು ಒಟ್ಟಿಗೆ ಕುಳಿತು ಒಬ್ಬೊಬ್ಬ ವಿದ್ಯಾರ್ಥಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸುವುದು ವ್ಯಾಪಾರಿಗಳು ಕೂಡಿ ಬೆಲೆ ಗೊತ್ತುಮಾಡಿದಂತೆ ಎಂದು ಅಲ್ಲಿಯ ಸರಕಾರ 1991ರಲ್ಲಿ ದಾವೆ ಹೂಡಿತು. ಎಂಟು ವಿಶ್ವವಿದ್ಯಾನಿಲಯಗಳು ರಾಜಿಯಾದುವು. ಮಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯೊಂದು ಮಾತ್ರ ಹೋರಾಡಿತು. 1994ರಲ್ಲಿ, ಹಣವನ್ನು ನೋಡದೆ ಪ್ರವೇಶ ಕೊಡುವ ಸಂಸ್ಥೆಗಳಿಗೆ ಕಾನೂನು ವಿನಾಯಿತಿ ಕೊಟ್ಟಿತು. ಆ ವಿನಾಯಿತಿ 2022ರಲ್ಲಿ ಮುಗಿಯಿತು. ಒಂದು ಭೇದವನ್ನು ಇಲ್ಲಿ ಹೇಳಲೇಬೇಕು. ಕಾಶಿಯಲ್ಲಿ ವಿದ್ಯೆಗೆ ಬೆಲೆಯಿರಲಿಲ್ಲ, ಅನ್ನಕ್ಕೆ ಮಾತ್ರ ವೆಚ್ಚವಿತ್ತು. ಅಮೆರಿಕದಲ್ಲಿ ಮೊದಲು ಬೆಲೆಯನ್ನು ಎತ್ತರಕ್ಕೆ ಏರಿಸಿ, ಬಳಿಕ ಬಡವನಿಗೆ ಅದರಿಂದ ಕಳೆಯುತ್ತಾರೆ. ನಮ್ಮ ದೇಶದ ಹೊಸ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಹಲವು ಅನುಸರಿಸುತ್ತಿರುವುದು ಈ ಎರಡನೆಯ ಮಾರ್ಗವನ್ನು.

ಕನ್ನಡನಾಡಿನಲ್ಲಿ ಈ ಎರಡಕ್ಕೂ ನಡುವಣ ದಾರಿಯೊಂದು ಬೆಳೆದಿತ್ತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆ ಬರೆದಿಟ್ಟರು. ವ್ಯಾಜ್ಯಗಳೆಲ್ಲ ಮುಗಿದು 1930ರಲ್ಲಿ ಟ್ರಸ್ಟು ಕಾರ್ಯಾರಂಭಮಾಡಿ ಸಮಾಜದ ಬಡ ವಿದ್ಯಾರ್ಥಿಗಳಿಗೆ ವೇತನ ಕೊಡತೊಡಗಿತು. ಅದು ಸಮಾಜದ ಒಳಗಿನ ಬಡತನಕ್ಕೆ ಪರಿಹಾರ. ತುಮಕೂರಿನ ಸಿದ್ಧಗಂಗೆಯಾದರೋ ಬಾಗಿಲನ್ನೇ ಅಗಲಿಸಿತು. ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಎಲ್ಲ ಜಾತಿಮತಗಳ ಸಾವಿರಾರು ಬಡಹುಡುಗರು ಅಲ್ಲಿ ಒಂದೇ ದಾಸೋಹದಲ್ಲಿ ಉಂಡು ಓದಿದರು. ಅಂಕಗಳ ಮಾತಿಲ್ಲ, ಗೋತ್ರದ ಮಾತೂ ಇಲ್ಲ.

ಜಂಗಮವಾಡಿಯ ಗುರುಕುಲದ ಶತಮಾನೋತ್ಸವದ ಸಮಾರೋಪವು 2020ರ ಫೆಬ್ರವರಿ 16ರಂದು ಪ್ರಧಾನಮಂತ್ರಿಗಳ ಸಮ್ಮುಖದಲ್ಲಿ ನಡೆಯಿತು. ಸಿದ್ಧಾಂತಶಿಖಾಮಣಿಯ 19 ಭಾಷೆಗಳ ಅನುವಾದಗಳು ಅಂದು ಬಿಡುಗಡೆಯಾದುವು. ಡಂಕನ್ನನ ಕಾಲೇಜು 1958ರಲ್ಲಿ ವಿಶ್ವವಿದ್ಯಾನಿಲಯವಾಗಿ, 1974ರಿಂದ ಸಂಪೂರ್ಣಾನಂದರ ಹೆಸರನ್ನು ಹೊತ್ತಿದೆ. ಗೋದೌಲಿಯಾದಿಂದ ಅದು ಉತ್ತರದ ಕಡೆಗೆ. ಮಾಲವೀಯರ ವಿಶ್ವವಿದ್ಯಾನಿಲಯ ದಕ್ಷಿಣದ ಕಡೆಗೆ. ಮಠದಲ್ಲಿ ಉಂಡು ಓದಲು ಹೊರಡುವ ಕನ್ನಡದ ಹುಡುಗನು ಚೌಕದ ಬಳಿ ಈ ಎರಡರಲ್ಲಿ ಒಂದು ಹಾದಿಯನ್ನು ಹಿಡಿಯುತ್ತಾನೆ. ಅಲ್ಲಿ ವಿದ್ಯಾರ್ಥಿವೇತನ ದೊರೆತರೂ ಸರಿ, ತಪ್ಪಿದರೂ ಸರಿ, ಮಧ್ಯಾಹ್ನದ ಪಂಕ್ತಿಗೆ ಅವನು ಮರಳಿ ಜಂಗಮವಾಡಿಗೇ ಬರುತ್ತಾನೆ.